ಸೋಗಿನ ಬಿಡ್‌ಗಳಿಂದ ಬೆಲೆ ಏರಿಸಿದ ಹರಾಜನ್ನು ರದ್ದುಪಡಿಸುವಂತೆ ಕೋರಿ ದೂರು

ಉಡುಪಿ
24 ಏಪ್ರಿಲ್ 2025

ಇವರಿಗೆ,
ಕುಂದುಕೊರತೆ ಪರಿಹಾರ ಅಧಿಕಾರಿಗಳು,
ಆನ್‌ಲೈನ್ ಹರಾಜು ವಿಭಾಗ

ವಿಷಯ: 9 ಮಾರ್ಚ್ 2025ರ ರಾತ್ರಿ ಮುಗಿದ ತಾಮ್ರದ ನಾಣ್ಯದ ಹರಾಜು, ಪಾವತಿಸಿದ 8,030 ರೂಪಾಯಿ ಮರುಪಾವತಿ.

ಮಾನ್ಯರೇ,

ತಮ್ಮ ಜಾಲತಾಣದಲ್ಲಿ ನಾನು ಆರು ವರ್ಷಗಳಿಂದ ಹಳೆಯ ನಾಣ್ಯಗಳನ್ನು ಕೊಳ್ಳುತ್ತ, ನನ್ನ ಸಂಗ್ರಹದಲ್ಲಿ ಎರಡೆರಡು ಇರುವವನ್ನು ಮಾರುತ್ತ ಬಂದಿದ್ದೇನೆ. ಈ ವಿಷಯದಲ್ಲಿ ಇದು ನನ್ನ ಮೂರನೆಯ ದೂರು. ಹಿಂದಿನ ಎರಡಕ್ಕೂ ತಮ್ಮ ಸಿಬ್ಬಂದಿ ನಾನು ಕೇಳದೇ ಇದ್ದ ಪ್ರಶ್ನೆಗೆ ಉತ್ತರಿಸಿದ್ದಾರೆ. ಆದ್ದರಿಂದ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ನಾಣ್ಯ ಅಸಲಿಯೇ ಆಗಿದೆ. ಟಿಪ್ಪು ಸುಲ್ತಾನನ ಕಾಲದ, ನಗರ ಎಂಬ ಊರಿನ ಟಂಕಸಾಲೆಯ, ಆನೆಯ ಮುದ್ರೆಯುಳ್ಳ ಆ ಪೈಸೆಯನ್ನು ಪರಿಚಯದ ಚಿನಿವಾರರ ತಕ್ಕಡಿಯಲ್ಲಿ ತೂಗಿಸಿದ್ದೇನೆ, 11.2 ಗ್ರಾಂ ಬಂದಿದೆ. ಆನೆಯ ಸೊಂಡಿಲು ಸವೆದಿರುವುದನ್ನು ಮಾರಾಟಗಾರರು ಚಿತ್ರದಲ್ಲಿ ಮರೆಮಾಚಿರಲಿಲ್ಲ. ನನ್ನ ತಕರಾರು ನಾಣ್ಯದ ಮೇಲಲ್ಲ, ಅದರ ಬೆಲೆ ಏರಿದ ರೀತಿಯ ಮೇಲೆ.

ನಡೆದದ್ದು ಇಷ್ಟು. ಹರಾಜು ಮುಗಿಯುವ ಹಿಂದಿನ ದಿನ ನಾನು ಈ ನಾಣ್ಯಕ್ಕೆ ನನ್ನ ಗರಿಷ್ಠ ಬಿಡ್ ಎಂದು 7,250 ರೂಪಾಯಿ ನಮೂದಿಸಿದೆ. ಈ ಮೊತ್ತ ಬೇರೆಯವರಿಗೆ ಕಾಣುವುದಿಲ್ಲವೆಂದೂ, ಎದುರಾಳಿಯ ಬಿಡ್‌ಗಿಂತ 100 ರೂಪಾಯಿಯಷ್ಟು ಮಾತ್ರ ಹೆಚ್ಚಿಸುತ್ತ ತಮ್ಮ ವ್ಯವಸ್ಥೆಯೇ ನನ್ನ ಪರವಾಗಿ ಬಿಡ್ ಹಾಕುವುದೆಂದೂ ತಾವು ಜಾಲತಾಣದಲ್ಲಿ ತಿಳಿಸಿದ್ದೀರಿ. ಆ ಭರವಸೆಯ ಮೇಲೆಯೇ ನಾನು ಅಷ್ಟು ದೊಡ್ಡ ಮೊತ್ತವನ್ನು ಬರೆದಿಟ್ಟದ್ದು. 9ರ ಭಾನುವಾರ ರಾತ್ರಿ 8.30ಕ್ಕೆ ಬೆಲೆ 2,300 ರೂಪಾಯಿಯಲ್ಲಿ ನಿಂತಿತ್ತು, ಮುಂದಿದ್ದವನು ನಾನೇ. 8.36ಕ್ಕೆ ಒಂದು ಹೊಸ ಖಾತೆಯಿಂದ ನನ್ನದಕ್ಕಿಂತ ಬಹಳ ದೊಡ್ಡ ಬಿಡ್ ಬಂತು. ಬೆಲೆ ಒಮ್ಮೆಲೇ 7,350ಕ್ಕೆ ಹಾರಿತು, ನಾನು ಹಿಂದೆ ಬಿದ್ದಿದ್ದೇನೆಂದು ಮೊಬೈಲಿಗೆ ಸಂದೇಶವೂ ಬಂತು. ನಾಲ್ಕೇ ನಿಮಿಷದಲ್ಲಿ ಆ ಖಾತೆಯವರು ‘ಮೊತ್ತ ತಪ್ಪಾಗಿ ನಮೂದಾಗಿದೆ’ ಎಂಬ ಕಾರಣ ಕೊಟ್ಟು ಬಿಡ್ ಹಿಂಪಡೆದರು, ಬೆಲೆ ಮತ್ತೆ 2,300ಕ್ಕೆ ಇಳಿಯಿತು. ಪಾಪ, ಯಾರೋ ಒಂದು ಸೊನ್ನೆ ಹೆಚ್ಚು ಒತ್ತಿರಬೇಕು ಎಂದುಕೊಂಡು ನಾನು ಊಟಕ್ಕೆ ಎದ್ದೆ. 8.46ಕ್ಕೆ ಇನ್ನೊಂದು ಖಾತೆಯಿಂದ ಸರಿಯಾಗಿ 7,100 ರೂಪಾಯಿಯ ಬಿಡ್ ಬಿದ್ದಿತ್ತು. ತಮ್ಮ ವ್ಯವಸ್ಥೆ ನನ್ನ ಬಿಡ್ಡನ್ನು 7,200ಕ್ಕೆ ಏರಿಸಿತು. 9 ಗಂಟೆಗೆ ಆ ಬೆಲೆಗೇ ನಾನು ಗೆದ್ದೆ.

ಇದರ ಅರ್ಥವನ್ನು ಬಿಡಿಸಿ ಹೇಳುವುದು ಅಗತ್ಯ, ಏಕೆಂದರೆ ತಮ್ಮ ಸಿಬ್ಬಂದಿ ಇದನ್ನು ಗಮನಿಸಿದಂತಿಲ್ಲ. ಮೊದಲನೆಯ ಖಾತೆ ಕೊಳ್ಳಲು ಬಂದದ್ದಲ್ಲ, ನನ್ನ ಜೇಬಿನ ಆಳ ಅಳೆಯಲು ಬಂದದ್ದು. ನನ್ನ ಗರಿಷ್ಠವನ್ನು ಮೀರಿ ಬಿಡ್ ಹಾಕಿದ ಕೂಡಲೇ ತಮ್ಮ ಪುಟ ತೋರಿಸುವ 7,350ರಿಂದ 100 ಕಳೆದರೆ ನನ್ನ ಗುಟ್ಟಿನ ಮೊತ್ತ ಯಾರಿಗೂ ಸಿಗುತ್ತದೆ. ಅದನ್ನು ತಿಳಿದುಕೊಂಡು, ಬಿಡ್ ಹಿಂಪಡೆದು, ಇನ್ನೊಂದು ಖಾತೆಯಿಂದ ಆ ಅಂಚಿಗೆ ತಾಗದಷ್ಟು ಹತ್ತಿರ ಬಂದು ನಿಂತರೆ, ಮಾರಾಟಗಾರನಿಗೆ ನಷ್ಟದ ಭಯವೂ ಇಲ್ಲ, ನಾಣ್ಯ ತನ್ನ ಕೈಯಲ್ಲೇ ಉಳಿಯುವ ಅಪಾಯವೂ ಇಲ್ಲ.

ಮರುದಿನ ಬೆಳಗ್ಗೆ ತಮ್ಮದೇ ಪುಟದಲ್ಲಿ ಈ ಎರಡೂ ಖಾತೆಗಳ 30 ದಿನಗಳ ಬಿಡ್ ಚರಿತ್ರೆಯನ್ನು ನೋಡಿದೆ. ಮೊದಲನೆಯ ಖಾತೆಯ 14 ಬಿಡ್‌ಗಳೂ ಈ ಒಬ್ಬ ಮಾರಾಟಗಾರರ ವಸ್ತುಗಳ ಮೇಲೆಯೇ ಇವೆ. ಅವುಗಳಲ್ಲಿ 11 ಹಿಂಪಡೆದವು. ಎರಡನೆಯ ಖಾತೆ ಅದೇ ಮಾರಾಟಗಾರರ ವಸ್ತುಗಳಿಗೆ 19 ಬಾರಿ ಬಿಡ್ ಹಾಕಿ ಒಂದನ್ನೂ ಗೆದ್ದಿಲ್ಲ. ಇಷ್ಟು ನತದೃಷ್ಟ ಸಂಗ್ರಾಹಕರನ್ನು ನಾನಂತೂ ಕಂಡಿಲ್ಲ. ಈ ಪುಟಗಳ ಚಿತ್ರಗಳನ್ನು 10 ಮಾರ್ಚ್‌ರ ಮೊದಲ ದೂರಿನೊಂದಿಗೇ ಕಳುಹಿಸಿದ್ದೆ, ಈಗ ಮತ್ತೆ ಲಗತ್ತಿಸಿದ್ದೇನೆ.

ನಮ್ಮ ಮಲ್ಪೆ ಬಂದರಿನಲ್ಲಿ ಮೀನಿನ ಏಲಂ ನಡೆಯುವಾಗ ಸವಾಲು ಕೂಗುವವರ ಮುಖ ಎಲ್ಲರಿಗೂ ಕಾಣುತ್ತದೆ. ಬೋಟಿನ ಮಾಲೀಕರ ಭಾವನೇ ಗುಂಪಿನಲ್ಲಿ ನಿಂತು ಬೂತಾಯಿಯ ಬುಟ್ಟಿಗೆ ಬೆಲೆ ಏರಿಸಿದರೆ ಮರುದಿನ ಆ ಬುಟ್ಟಿಯ ಹತ್ತಿರ ಯಾರೂ ಸುಳಿಯುವುದಿಲ್ಲ. ತಮ್ಮಲ್ಲಿ ಬಿಡ್ ಹಾಕುವವರ ಹೆಸರಿನ ಮೊದಲ ಮತ್ತು ಕೊನೆಯ ಅಕ್ಷರ ಬಿಟ್ಟು ಉಳಿದೆಲ್ಲ ನಕ್ಷತ್ರ ಚಿಹ್ನೆಗಳೇ ಇರುವುದರಿಂದ, ಅಲ್ಲಿ ಗುಂಪು ಮಾಡುವ ಕಾವಲನ್ನು ಇಲ್ಲಿ ತಾವೊಬ್ಬರೇ ಮಾಡಬೇಕಾಗುತ್ತದೆ.

20 ಮಾರ್ಚ್‌ರ ಉತ್ತರದಲ್ಲಿ ತಮ್ಮ ಸಿಬ್ಬಂದಿ ಎರಡು ಮಾತು ಹೇಳಿದ್ದಾರೆ. ವಸ್ತು ವಿವರಣೆಯಂತೆಯೇ ಇರುವುದರಿಂದ ಅದನ್ನು ಮರಳಿಸಲಾಗದು ಎಂಬುದು ಒಂದು. ಇದಕ್ಕೆ ಮೇಲೆಯೇ ಉತ್ತರಿಸಿದ್ದೇನೆ. ಬಿಡ್ ಹಿಂಪಡೆಯುವುದು ಯಾವುದೇ ಬಳಕೆದಾರರ ಹಕ್ಕು ಎಂಬುದು ಇನ್ನೊಂದು. ಅದು ನಿಜ. 1930ರ ಸರಕು ಮಾರಾಟ ಅಧಿನಿಯಮದ 64ನೇ ಕಲಮಿನ ಪ್ರಕಾರ ಹರಾಜು ಮುಗಿಯಿತೆಂದು ಸಾರುವವರೆಗೆ ಯಾರೂ ತಮ್ಮ ಸವಾಲನ್ನು ಹಿಂಪಡೆಯಬಹುದು. ಆದರೆ ಅದೇ ಕಲಮಿನ ಕೊನೆಯ ಭಾಗವನ್ನೂ ಓದಬೇಕೆಂದು ವಿನಂತಿ: ಮಾರಾಟಗಾರನು ಬೆಲೆ ಏರಿಸಲು ಸೋಗಿನ ಸವಾಲನ್ನು ಬಳಸಿದರೆ, ಆ ಮಾರಾಟವನ್ನು ರದ್ದುಪಡಿಸುವ ಆಯ್ಕೆ ಕೊಂಡವನದು. ವಸ್ತು ಚೆನ್ನಾಗಿದೆಯೋ ಇಲ್ಲವೋ ಎಂಬ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ.

ಆ ಎರಡು ಖಾತೆಗಳು ಮಾರಾಟಗಾರರವೇ ಅಥವಾ ಅವರ ಕಡೆಯವರವೇ ಎಂದು ನಾನು ಮನೆಯಲ್ಲಿ ಕುಳಿತು ಸಾಬೀತುಪಡಿಸಲಾರೆ, ಹಾಗೆ ಆರೋಪ ಹೊರಿಸುವ ಆತುರವೂ ನನಗಿಲ್ಲ. ಆದರೆ ಆ ಖಾತೆಗಳು ಯಾವ ಮೊಬೈಲ್ ಸಂಖ್ಯೆಯಿಂದ ನೋಂದಣಿಯಾದವು, ಯಾವ ಸಾಧನದಿಂದ ಲಾಗಿನ್ ಆದವು, ಮಾರಾಟಗಾರರ ಖಾತೆಯೊಂದಿಗೆ ಅವುಗಳ ವಿಳಾಸ ತಾಳೆಯಾಗುತ್ತದೆಯೇ ಎಂಬುದನ್ನೆಲ್ಲ ತಾವು ಪರಿಶೀಲಿಸಬಲ್ಲಿರಿ. ಪರಿಶೀಲಿಸಿದ್ದೀರೋ ಇಲ್ಲವೋ ಎಂಬುದು ಈವರೆಗಿನ ಉತ್ತರಗಳಿಂದ ತಿಳಿಯುವುದಿಲ್ಲ. ಹರಾಜಿನ ಬೆಲೆ ಏರಿದಷ್ಟೂ ತಮ್ಮ ಶೇಕಡಾ 10ರ ಶುಲ್ಕವೂ ಏರುತ್ತದೆ ಎಂಬುದನ್ನು ನೆನಪಿಸಿದರೆ ತಪ್ಪು ತಿಳಿಯಬಾರದು. ನಾನೂ ತಮ್ಮಲ್ಲಿ ಮಾರುವವನೇ. ನನ್ನ ನಾಣ್ಯಗಳು ಅಗ್ಗಕ್ಕೆ ಹೋದಾಗ ಮಡದಿಯ ಮೊಬೈಲಿನಿಂದ ಒಂದೆರಡು ಬಿಡ್ ಹಾಕುವುದು ನನಗೂ ಕಷ್ಟವಿರಲಿಲ್ಲ.

2020ರ ಗ್ರಾಹಕ ಸಂರಕ್ಷಣೆ (ಇ-ವಾಣಿಜ್ಯ) ನಿಯಮಗಳಂತೆ ದೂರನ್ನು 48 ಗಂಟೆಗಳೊಳಗೆ ಸ್ವೀಕರಿಸಿದ್ದೇವೆಂದು ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು. ದೂರಿಗೆ ಒಂದು ಸಂಖ್ಯೆಯನ್ನೂ ಕೊಡಬೇಕು. ನನ್ನ 17 ಮಾರ್ಚ್‌ರ ಎರಡನೆಯ ದೂರಿಗೂ ಒಂದು ತಿಂಗಳು ಕಳೆದಿದೆ, ದೂರಿನ ಸಂಖ್ಯೆ ಇಂದಿಗೂ ಬಂದಿಲ್ಲ.

ಆದ್ದರಿಂದ ಈ ಮಾರಾಟವನ್ನು ರದ್ದುಪಡಿಸಿ, ನಾಣ್ಯದ ಬೆಲೆ 7,200, ತಮ್ಮ ಶುಲ್ಕ 720 ಮತ್ತು ಅಂಚೆ ವೆಚ್ಚ 110, ಒಟ್ಟು 8,030 ರೂಪಾಯಿಯನ್ನು ನನ್ನ ಬ್ಯಾಂಕ್ ಖಾತೆಗೆ ಮರಳಿಸಬೇಕೆಂದು ಕೋರುತ್ತೇನೆ. ಮಾರಾಟಗಾರರ ಪೂರ್ಣ ಹೆಸರು ಮತ್ತು ವಿಳಾಸವನ್ನು ಲಿಖಿತವಾಗಿ ಒದಗಿಸಬೇಕು, ಕೊಂಡವರು ಕೇಳಿದಾಗ ಅದನ್ನು ಕೊಡುವುದೂ ಅದೇ ನಿಯಮಗಳಡಿ ತಮ್ಮ ಹೊಣೆ. ನಿಜ ಹೇಳಬೇಕೆಂದರೆ ಆ ಆನೆಯನ್ನು ಹಿಂತಿರುಗಿಸಲು ನನಗೆ ಮನಸ್ಸಿಲ್ಲ. ಬಹಳ ಕಾಲದಿಂದ ಹುಡುಕುತ್ತಿದ್ದ ನಾಣ್ಯವದು. ಸೋಗಿನ ಬಿಡ್‌ಗಳನ್ನು ತೆಗೆದುಹಾಕಿ 2,300 ರೂಪಾಯಿಗೇ ಹರಾಜು ಮುಗಿಯಿತೆಂದು ಪರಿಗಣಿಸಿ, ವ್ಯತ್ಯಾಸದ 4,900 ಮತ್ತು ಅದರ ಮೇಲಿನ ಶುಲ್ಕ 490, ಒಟ್ಟು 5,390 ರೂಪಾಯಿ ಮರಳಿಸಲು ತಾವು ಮುಂದೆ ಬಂದರೆ ಅದನ್ನೂ ಒಪ್ಪುತ್ತೇನೆ.

ಈ ಪತ್ರ ತಲುಪಿದ 15 ದಿನಗಳೊಳಗೆ ಉತ್ತರ ಬಾರದಿದ್ದರೆ ಉಡುಪಿ ಜಿಲ್ಲಾ ಗ್ರಾಹಕರ ವ್ಯಾಜ್ಯ ಪರಿಹಾರ ಆಯೋಗಕ್ಕೆ ದೂರು ಸಲ್ಲಿಸುತ್ತೇನೆ. ವ್ಯಾಜ್ಯವೇನಿದ್ದರೂ ತಮ್ಮ ಕೇಂದ್ರ ಕಚೇರಿಯಿರುವ ನಗರದಲ್ಲೇ ನಡೆಯಬೇಕೆಂದು ತಮ್ಮ ಷರತ್ತುಗಳಲ್ಲಿ ಬರೆದಿರುವುದನ್ನು ಓದಿದ್ದೇನೆ. 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದ 34ನೇ ಕಲಮು ಗ್ರಾಹಕನು ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಲು ಅವಕಾಶ ನೀಡಿದೆ.

ನಾಣ್ಯವು ಬಂದ ಲಕೋಟೆಯಲ್ಲೇ, ಅದೇ ಪ್ಲಾಸ್ಟಿಕ್ ಚೀಲದಲ್ಲಿದೆ. ಮಾರಾಟ ರದ್ದಾದರೆ ಅದನ್ನು ತಮ್ಮ ಖರ್ಚಿನಲ್ಲಿ ವಿಮೆಯೊಂದಿಗೆ ಯಾವ ವಿಳಾಸಕ್ಕೆ ಕಳುಹಿಸಬೇಕೆಂದು ತಿಳಿಸಿರಿ.

ಇಂತಿ ತಮ್ಮ ವಿಶ್ವಾಸಿ,
(ಸಹಿ)
ನೋಂದಾಯಿತ ಖರೀದಿದಾರ, ಉಡುಪಿ