ಕುಮಾರ ಗಂಧರ್ವರ ಬಳಗದವರಿಗೆ, ಅವರನ್ನು ನಮಗೆ ಪರಿಚಯಿಸಿದವರಿಗೆ

ಹಿಂದೂಸ್ತಾನಿ ಗಾಯಕ ಪಂಡಿತ ಕುಮಾರ ಗಂಧರ್ವರ ಜನ್ಮಶತಮಾನೋತ್ಸವದ ನಿಮಿತ್ತ ಬೆಳಗಾವಿಯಲ್ಲಿ ನಾವು ಕೆಲವರು ಸೇರಿ ತಿಂಗಳಿಗೊಮ್ಮೆ ನಡೆಸಿಕೊಂಡು ಬಂದ ಬೈಠಕ್ಕುಗಳು ಮುಕ್ತಾಯಗೊಂಡಿವೆ. ಸಭಾಂಗಣವಿಲ್ಲದೆ, ಪ್ರಾಯೋಜಕರಿಲ್ಲದೆ, ಒಂದು ಮನೆಯ ಪಡಸಾಲೆಯಲ್ಲಿ ಜಮಖಾನೆ ಹಾಸಿಕೊಂಡು ನಡೆದ ಈ ಕೂಟಕ್ಕೆ ನೆರವಾದ ಪ್ರತಿಯೊಬ್ಬರಿಗೂ ಬಹಿರಂಗವಾಗಿ ಕೃತಜ್ಞತೆ ಹೇಳುವ ಕೆಲಸವನ್ನು ಗೆಳೆಯರು ನನಗೆ ಒಪ್ಪಿಸಿದ್ದಾರೆ. ಸಂತೋಷದಿಂದ ಒಪ್ಪಿಕೊಂಡಿದ್ದೇನೆ.

1924ರ ಏಪ್ರಿಲ್ 8ರಂದು ನಮ್ಮ ಬೆಳಗಾವಿಯ ಸಮೀಪದ ಸುಳೇಭಾವಿಯಲ್ಲಿ ಹುಟ್ಟಿ, ಶಿವಪುತ್ರಯ್ಯ ಕೊಂಕಾಳಿಯಾಗಿದ್ದ ಬಾಲಕ, ಸ್ವಾಮಿಗಳೊಬ್ಬರಿಂದ ‘ಕುಮಾರ ಗಂಧರ್ವ’ ಎಂಬ ಬಿರುದು ಪಡೆದು ದೇಶವೆಲ್ಲ ಬೆರಗಾಗುವಂತೆ ಹಾಡಿದ್ದನ್ನು ಈ ಭಾಗದವರಿಗೆ ಮತ್ತೆ ಹೇಳಬೇಕಾಗಿಲ್ಲ. ಆದ್ದರಿಂದಲೇ ನಾವು ಆರಂಭದಲ್ಲಿ ಒಂದು ನಿರ್ಧಾರ ಮಾಡಿಕೊಂಡೆವು: ಪ್ರತಿ ತಿಂಗಳೂ ಕುಮಾರರ ಗಾಯನವನ್ನು ಕೇಳೋಣ, ಆದರೆ ಮಾತಾಡುವುದು ಅವರ ಬಗ್ಗೆ ಅಲ್ಲ, ಅವರ ಜೊತೆಗಿದ್ದವರ ಬಗ್ಗೆ. ಶತಮಾನೋತ್ಸವದ ಭಾಷಣಗಳಲ್ಲಿ ಅವರನ್ನು ಯಾರ ಹಂಗೂ ಇಲ್ಲದ ಏಕಾಕಿ ಪ್ರತಿಭೆಯೆಂದು ವರ್ಣಿಸುವುದು ವಾಡಿಕೆಯಾಗಿದೆ. ಪ್ರತಿಭೆ ಅವರದೇ, ಅದರಲ್ಲಿ ಸಂದೇಹವಿಲ್ಲ; ಆದರೆ ಆ ಕಂಠ ನಮ್ಮ ಕಿವಿಯವರೆಗೆ ಬಂದು ತಲುಪಿದ್ದು ಕೆಲವು ಮನುಷ್ಯರು ಅದನ್ನು ಕಾಪಾಡಿದ್ದರಿಂದ ಎಂಬುದು ನನ್ನ ದೃಢವಾದ ನಂಬಿಕೆ. ಅವರಲ್ಲಿ ಬಹುತೇಕರು ಈಗ ಇಲ್ಲ. ಆದರೂ ಈ ಬರಹದ ಮೊದಲ ನಮಸ್ಕಾರ ಅವರಿಗೇ ಸಲ್ಲಬೇಕು.

ಪ್ರೊ. ಬಿ. ಆರ್. ದೇವಧರರಿಂದ ಶುರು ಮಾಡಿದೆವು. 1936ರಲ್ಲಿ ಮುಂಬಯಿಗೆ ಬಂದ ಹುಡುಗನನ್ನು ತಮ್ಮ ಸಂಗೀತ ಶಾಲೆಯಲ್ಲಿ ಇರಿಸಿಕೊಂಡು, ದೊಡ್ಡ ಗವಾಯಿಗಳ ಧ್ವನಿಮುದ್ರಿಕೆಗಳನ್ನು ಅಚ್ಚೊತ್ತಿದಂತೆ ಅನುಕರಿಸುತ್ತಿದ್ದ ಆ ಕಂಠಕ್ಕೆ ಸ್ವಂತ ವಿಚಾರ ಮಾಡುವುದನ್ನು ಕಲಿಸಿದ ಗುರು ಅವರು. ಅನೇಕ ಪರಂಪರೆಗಳ ಗಾಯಕರು ಬಂದು ಹೋಗುತ್ತಿದ್ದ ಆ ಶಾಲೆಯಲ್ಲಿ ಬೆಳೆಯದೆ ಇದ್ದಿದ್ದರೆ ಮುಂದಿನ ಕುಮಾರರನ್ನು ಊಹಿಸಿಕೊಳ್ಳುವುದು ಕಷ್ಟ.

ಇಡೀ ವರ್ಷದಲ್ಲಿ ನನ್ನನ್ನು ಅತಿ ಹೆಚ್ಚು ಕಲಕಿದ್ದು ಭಾನುಮತಿಯವರಿಗೆ ಮೀಸಲಾದ ಬೈಠಕ್. ಅವರೂ ದೇವಧರರ ಶಾಲೆಯಲ್ಲಿ ಕಲಿತ ಗಾಯಕಿ. 1947ರಲ್ಲಿ ಮದುವೆಯಾಯಿತು, ಅದರ ಬೆನ್ನಿಗೇ ಕುಮಾರರಿಗೆ ಕ್ಷಯರೋಗ ಕಾಣಿಸಿಕೊಂಡು, 1948ರಲ್ಲಿ ಒಣ ಹವೆಯನ್ನು ಅರಸಿ ದಂಪತಿ ಮಾಳವಾ ಪ್ರಾಂತದ ದೇವಾಸಕ್ಕೆ ಹೋದರು. ಹಾಡಬಾರದೆಂದು ವೈದ್ಯರ ಕಟ್ಟಪ್ಪಣೆಯಿತ್ತು. ಶಾಲೆಯಲ್ಲಿ ಪಾಠ ಹೇಳಿ ಸಂಸಾರವನ್ನು ಸಾಗಿಸುತ್ತ, ವರ್ಷಗಟ್ಟಲೆ ರೋಗಿಯ ಶುಶ್ರೂಷೆ ಮಾಡುತ್ತ, ತಮ್ಮ ಸ್ವಂತ ಗಾಯನವನ್ನು ಬದಿಗಿಟ್ಟವರು ಭಾನುಮತಿ. ಆ ದಿನ ನಮ್ಮ ಕೂಟದ ಹಿರಿಯ ಅಕ್ಕ, ಕ್ಷಯರೋಗದ ವಾರ್ಡಿನಲ್ಲಿ ಬಹುಕಾಲ ದುಡಿದು ನಿವೃತ್ತರಾದ ನರ್ಸ್, ಇದರ ಅರ್ಥವನ್ನು ನಮಗೆ ಬಿಡಿಸಿ ಹೇಳಿದರು. ಔಷಧಿ ಕೈಗೆ ಸಿಗುವ ಮೊದಲು ವಿಶ್ರಾಂತಿ, ಗಾಳಿ, ಒಳ್ಳೆಯ ಆಹಾರ ಇವೇ ಮುಖ್ಯ ಚಿಕಿತ್ಸೆಯಾಗಿತ್ತೆಂದೂ, ಉಸಿರಿನ ಮೂಲಕ ಹರಡುವ ಈ ರೋಗದಲ್ಲಿ ಹಾಸಿಗೆಯ ಪಕ್ಕದಲ್ಲಿ ಕುಳಿತವರ ಜೀವಕ್ಕೂ ಅಪಾಯವಿರುತ್ತಿತ್ತೆಂದೂ, 1952ರ ಹೊತ್ತಿಗೆ ಕುಮಾರರಿಗೆ ದೊರೆತ ಸ್ಟ್ರೆಪ್ಟೊಮೈಸಿನ್ ಜೀವ ಉಳಿಸುವ ಔಷಧಿಯೇ ಆದರೂ ಕೆಲವರ ಕಿವಿಯ ಶಕ್ತಿಯನ್ನು ಕುಂದಿಸಬಲ್ಲದೆಂದೂ ಅವರು ವಿವರಿಸಿದಾಗ, ಒಬ್ಬ ಗಾಯಕನ ಮನೆಯಲ್ಲಿ ಆ ದಿನಗಳು ಹೇಗೆ ಕಳೆದಿರಬಹುದೆಂಬುದು ನಮಗೆ ಮೊದಲ ಬಾರಿಗೆ ಮನಸ್ಸಿಗೆ ತಟ್ಟಿತು. ಒಂದು ಶ್ವಾಸಕೋಶ ಬಹುಮಟ್ಟಿಗೆ ನಿರುಪಯೋಗಿಯಾದರೂ ಕುಮಾರರು ಮತ್ತೆ ವೇದಿಕೆಗೆ ಮರಳಿದರು. ಭಾನುಮತಿಯವರು 1961ರಲ್ಲಿ ಹೆರಿಗೆಯ ಸಂದರ್ಭದಲ್ಲಿ ತೀರಿಕೊಂಡರು. ದೇವಾಸದ ಮನೆಗೆ ‘ಭಾನುಕುಲ’ ಎಂಬ ಹೆಸರು ಇದೆ. ಅಕ್ಕ, ನೀವು ಆ ದಿನ ಮಾತಾಡದೆ ಇದ್ದಿದ್ದರೆ ನಾವು ಈ ಸಂಗತಿಗಳನ್ನು ಜೀವನಚರಿತ್ರೆಯ ಕೆಲವು ಸಾಲುಗಳಾಗಿ ಓದಿ ಮುಂದೆ ಹೋಗಿಬಿಡುತ್ತಿದ್ದೆವು.

ದೇವಾಸದಿಂದ ಇಂದೂರು ದೂರವಿಲ್ಲ. ಅಲ್ಲಿ ಕುಮಾರರಿಗೆ ದೊರೆತ ಗೆಳೆಯರನ್ನು ನೋಡಿ: ‘ನಯೀ ದುನಿಯಾ’ ಪತ್ರಿಕೆಯ ಸಂಪಾದಕ ರಾಹುಲ್ ಬಾರಪುತೆ, ಜನ ಎಸೆದ ವಸ್ತುಗಳಲ್ಲಿ ರೂಪಗಳನ್ನು ಕಾಣುತ್ತಿದ್ದ ಚಿತ್ರಕಾರ ವಿಷ್ಣು ಚಿಂಚಾಳಕರ್ ಗುರೂಜಿ, ರಂಗಭೂಮಿಯ ಬಾಬಾ ಡಿಕೆ. ಇವರಲ್ಲಿ ಯಾರೂ ವೃತ್ತಿಯಿಂದ ಗಾಯಕರಲ್ಲ. ಕುಮಾರರು ಮಾಳವಾದ ಹೆಣ್ಣುಮಕ್ಕಳ ಹಾಡುಗಳಲ್ಲಿ ರಾಗದ ಬೀಜಗಳನ್ನು ಹುಡುಕಿ, ಅವುಗಳಿಂದ ಹೊಸ ರಾಗಗಳನ್ನು ಕಟ್ಟಿ, ‘ಅನೂಪರಾಗವಿಲಾಸ’ದಂತಹ ತಮ್ಮ ರಚನೆಗಳ ಸಂಗ್ರಹವನ್ನು 1965ರಲ್ಲಿ ಹೊರತಂದ ಕಾಲದಲ್ಲಿ, ಪದ ಮತ್ತು ಬಣ್ಣ ಮತ್ತು ಅಭಿನಯ ಬಲ್ಲ ಇಂತಹ ಗೆಳೆಯರ ನಡುವೆ ಅವರು ಬದುಕುತ್ತಿದ್ದರು ಎಂಬುದು ಸಣ್ಣ ವಿಷಯವಲ್ಲ.

ಇನ್ನು ವಾಮನರಾವ್ ದೇಶಪಾಂಡೆ. ಪ್ರಸಿದ್ಧರ ಸುತ್ತ ಹೂಂಗುಟ್ಟುವವರ ಗುಂಪು ಬೆಳೆಯುವುದು ಬಹಳ ಸುಲಭ, ಮತ್ತು ಅಂತಹ ಗುಂಪು ಕಲಾವಿದನನ್ನು ಒಳಗಿನಿಂದಲೇ ತಿಂದುಹಾಕುತ್ತದೆ. ವಾಮನರಾಯರು ಅದಕ್ಕೆ ತದ್ವಿರುದ್ಧವಾದ ಗೆಳೆಯರು. ವೃತ್ತಿಯಿಂದ ಚಾರ್ಟರ್ಡ್ ಅಕೌಂಟೆಂಟ್. ಗಾಯಕಿ ಮೊಗೂಬಾಯಿ ಕುರ್ಡೀಕರರಲ್ಲಿ ಕಲಿತವರು. ಘರಾಣೆಗಳ, ಅಂದರೆ ಗುರುಶಿಷ್ಯ ಪರಂಪರೆಯಲ್ಲಿ ಬೆಳೆದ ಗಾಯನ ಶೈಲಿಗಳ, ಸೌಂದರ್ಯವನ್ನು ಕುರಿತು ಮರಾಠಿಯಲ್ಲಿ ‘ಘರಂದಾಜ ಗಾಯಕಿ’ ಎಂಬ ಮುಖ್ಯ ಗ್ರಂಥವನ್ನು ಬರೆದವರು. ಕುಮಾರರೋ ಯಾವ ಒಂದು ಘರಾಣೆಯ ಬೇಲಿಯನ್ನೂ ಒಪ್ಪದವರು. ಹೀಗಿದ್ದೂ ಮುಂಬಯಿಯಲ್ಲಿ ವಾಮನರಾಯರ ಮನೆ ಕುಮಾರರಿಗೆ ತಮ್ಮದೇ ಮನೆಯಂತಿತ್ತು, ಮತ್ತು ವಾಮನರಾಯರ ಮಗ ಸತ್ಯಶೀಲರು ಕುಮಾರರಲ್ಲೇ ಕಲಿಯಲು ದೇವಾಸಕ್ಕೆ ಹೋದರು. ಭಿನ್ನಾಭಿಪ್ರಾಯವನ್ನು ಬಿಟ್ಟುಕೊಡದೆಯೂ ಮನೆಯ ಬಾಗಿಲನ್ನು ತೆರೆದಿಡುವ ಈ ಗುಣದ ಮುಂದೆ ನಾನು ತಲೆಬಾಗುತ್ತೇನೆ. ವಾಮನರಾಯರ ಬರಹಗಳನ್ನೂ, ಒಂದು ಕಾಲಕ್ಕೆ ನಮ್ಮ ಬೆಳಗಾವಿಯ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ, ಕುಮಾರರ ಇನ್ನೊಬ್ಬ ಆಪ್ತ, ಮರಾಠಿ ಲೇಖಕ ಪು. ಲ. ದೇಶಪಾಂಡೆಯವರ ಬರಹಗಳನ್ನೂ ಮರಾಠಿ ಓದಲು ಬಾರದ ನಮಗಾಗಿ ನಿಂತ ನಿಲುವಿನಲ್ಲೇ ಕನ್ನಡದಲ್ಲಿ ಹೇಳುತ್ತ ಹೋದ ನಿವೃತ್ತ ಶಿಕ್ಷಕ ಕಾಕಾ ಅವರಿಗೆ ನಾವೆಲ್ಲರೂ ಋಣಿಗಳು. ಎರಡು ಭಾಷೆಗಳ ಈ ಊರಿನಲ್ಲಿ ಅವರು ಮಾಡಿದ ಕೆಲಸದ ಬೆಲೆ ಇಲ್ಲಿ ಬದುಕುವವರಿಗೆ ಗೊತ್ತು.

ತಬಲಾ ಸಾಥಿದಾರ ವಸಂತ ಆಚರೇಕರರ ಬೈಠಕ್ಕಿನಲ್ಲಿ ನಮ್ಮೂರಿನ ತಬಲಾ ಮಾಸ್ತರರು ಮಾಡಿದ್ದನ್ನು ನಾನು ಮರೆಯಲಾರೆ. ಹೆಚ್ಚು ಮಾತಾಡದೆ, ಒಂದೇ ಠೇಕಾವನ್ನು, ಅಂದರೆ ತಾಳದ ಮೂಲ ಬೋಲುಗಳನ್ನು, ಯಾವ ಅಲಂಕಾರವೂ ಇಲ್ಲದೆ, ಲಯ ಕದಲದಂತೆ ಬಾರಿಸುತ್ತಲೇ ಇದ್ದು, ಅನಂತರ ಧ್ವನಿಮುದ್ರಿಕೆಯನ್ನು ಹಚ್ಚಿಸಿದರು. ಕುಮಾರರ ಗಾಯನದಲ್ಲಿ ಸಣ್ಣ ಸಣ್ಣ ಸ್ವರಗುಚ್ಛಗಳು ಚಿಮ್ಮಿ ಬರುತ್ತವೆ, ನಡುನಡುವೆ ಮೌನವಿರುತ್ತದೆ. ಆ ಮೌನ ಬರಿದಾಗದಂತೆ, ತನ್ನ ಜಾಣ್ಮೆಯನ್ನು ಅಲ್ಲಿ ತುರುಕದಂತೆ ಹಿಡಿದಿಡುವುದು ಎಷ್ಟು ದೊಡ್ಡ ಸಂಯಮವೆಂದು ಆಗ ತಿಳಿಯಿತು. ಮಾಸ್ತರರೇ, ನಿಮಗೆ ನಮಸ್ಕಾರ.

ಕೊನೆಯ ಬೈಠಕ್ ವಸುಂಧರಾ ಕೊಂಕಾಳಿಯವರದು. ದೇವಧರರ ಶಿಷ್ಯೆಯಾಗಿ ಪಳಗಿದ ಅವರು 1962ರಲ್ಲಿ ಕುಮಾರರನ್ನು ವರಿಸಿ, ತಂಬೂರಿ ಹಿಡಿದು ಪತಿಯ ಜೊತೆ ಹಾಡುತ್ತ, ನಿರಾಕಾರ ದೇವರನ್ನು ಹಾಡುವ ನಿರ್ಗುಣಿ ಭಜನೆಗಳಿಗೆ ತಮ್ಮ ದನಿಯನ್ನು ಕೂಡಿಸಿದರು. 1992ರ ಜನವರಿಯಲ್ಲಿ ಕುಮಾರರು ಅಗಲಿದ ಮೇಲೂ ತಾವು 2015ರಲ್ಲಿ ತೀರಿಕೊಳ್ಳುವವರೆಗೆ ಹಾಡಿದರು, ಕಲಿಸಿದರು. ಮಗಳು ಕಲಾಪಿನಿ ಅವರಿಂದ ಕಲಿತವರಲ್ಲಿ ಒಬ್ಬರು. ವಸುಂಧರಾ ಅವರನ್ನು ‘ಸಹಗಾಯನ’ ಎಂಬ ಪದದ ಹಿಂದೆ ಮರೆಸಿಬಿಡುವುದು ಅನ್ಯಾಯ. ಆ ದಿನ ಅವರೊಬ್ಬರದೇ ಗಾಯನವನ್ನು ಕೇಳೋಣವೆಂದು ಹಟ ಹಿಡಿದ ಕಾಲೇಜು ವಿದ್ಯಾರ್ಥಿನಿಯರಿಗೆ ನನ್ನ ವಿಶೇಷ ಧನ್ಯವಾದಗಳು.

ವರ್ಷವಿಡೀ ಪಡಸಾಲೆಯನ್ನು ಬಿಟ್ಟುಕೊಟ್ಟು, ಬಂದವರಿಗೆಲ್ಲ ಚಹಾ ಅವಲಕ್ಕಿ ಕೊಟ್ಟು, ಒಮ್ಮೆಯೂ ಬೇಸರ ತೋರದ ವೈನಿಯವರಿಗೆ, ಹಳೆಯ ಧ್ವನಿಮುದ್ರಿಕೆಗಳನ್ನು ನಂಬಿಕೆಯಿಂದ ಕಡ ಕೊಟ್ಟ ಸಂಗ್ರಾಹಕರಿಗೆ, ಧ್ವನಿವರ್ಧಕದ ಹೊಣೆ ಹೊತ್ತ ಹುಡುಗರಿಗೆ, ಹುಬ್ಬಳ್ಳಿ ಧಾರವಾಡಗಳಿಂದ ಬಸ್ಸಿನಲ್ಲಿ ಬಂದು ರಾತ್ರಿ ಮರಳುತ್ತಿದ್ದ ದರ್ದಿ ಕೇಳುಗರಿಗೆ ಹೃತ್ಪೂರ್ವಕ ವಂದನೆಗಳು. ಕಡ ತಂದ ಮುದ್ರಿಕೆಗಳನ್ನು ಈ ತಿಂಗಳೊಳಗೆ ಅವರವರ ಮನೆಗೆ ಮುಟ್ಟಿಸುತ್ತೇವೆ. ಕಾಕಾ ಹೇಳಿದ ಕನ್ನಡ ಅನುವಾದಗಳನ್ನು ವಿದ್ಯಾರ್ಥಿನಿಯರು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಾರೆ. ಬೇಕಾದವರು ವೈನಿಯವರ ಮನೆಗೆ ಬಂದು ಓದಬಹುದು, ನಕಲು ಮಾಡಿಕೊಳ್ಳಬಹುದು.