ಗ್ಯಾಸ್ ಗುಳಿಗೆಗೆ ಹೊತ್ತುಂಟು, ಗಡುವೂ ಉಂಟು

ಸಂಪಾದಕರೇ,

ದಾವಣಗೆರೆಯ ಯಾವ ಮೆಡಿಕಲ್ ಶಾಪ್ ಮುಂದೆ ನಿಂತರೂ ‘ಗ್ಯಾಸಿಂದು ಒಂದ್ ಶೀಟ್ ಕೊಡ್ರಿ’ ಎಂಬ ಮಾತು ಕಿವಿಗೆ ಬೀಳುತ್ತದೆ. ಕೊಡುವವರು ವೈದ್ಯರ ಚೀಟಿ ಕೇಳುವುದು ಅಪರೂಪ. ತೆಗೆದುಕೊಳ್ಳುವವರು ಯಾವಾಗ ನುಂಗಬೇಕೆಂದು ಕೇಳುವುದು ಇನ್ನೂ ಅಪರೂಪ. ಗ್ಯಾಸ್ ಗುಳಿಗೆಯೆಂದು ಕೊಡುವ ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಕೆಟ್ಟ ಔಷಧಿಗಳಲ್ಲ. ಜಠರದ ಹುಣ್ಣಿಗೆ, ಎದೆಯುರಿಗೆ ಚೆನ್ನಾಗಿಯೇ ಕೆಲಸ ಮಾಡುತ್ತವೆ. ಆದರೆ ತಪ್ಪು ಹೊತ್ತಿನಲ್ಲಿ, ವರ್ಷಗಟ್ಟಲೆ, ಹೊಟ್ಟೆಯ ಎಲ್ಲ ಕಾಟಕ್ಕೂ ಅದನ್ನೇ ನುಂಗುತ್ತಿದ್ದೇವೆ.

ಮೊದಲು ಹೊತ್ತಿನ ವಿಚಾರ. ಆಮ್ಲ ಸುರಿಸುವ ಪಂಪುಗಳು ಜಠರದ ಒಳಗೋಡೆಯಲ್ಲಿವೆ. ಊಟ ಬೀಳುತ್ತಿದ್ದಂತೆ ಅವು ಚಾಲೂ ಆಗುತ್ತವೆ, ಚಾಲೂ ಆದ ಪಂಪನ್ನಷ್ಟೇ ಈ ಗುಳಿಗೆ ಕಟ್ಟಿಹಾಕಬಲ್ಲದು. ಅಂದರೆ ಅಷ್ಟರೊಳಗೆ ಔಷಧಿ ರಕ್ತಕ್ಕೆ ಸೇರಿರಬೇಕು. ಅದಕ್ಕೇ ಖಾಲಿ ಹೊಟ್ಟೆಯಲ್ಲಿ, ತಿಂಡಿಗೆ ಅರ್ಧದಿಂದ ಒಂದು ಗಂಟೆ ಮುಂಚೆ ನುಂಗಬೇಕು. ಬೆಣ್ಣೆ ದೋಸೆ ಮುಗಿಸಿ ಕೈ ತೊಳೆದ ಮೇಲೆ ನುಂಗಿದರೆ ದುಡ್ಡಿಗೆ ತಕ್ಕ ಗುಣ ಸಿಗದು. ಗುಳಿಗೆಯನ್ನು ಪುಡಿ ಮಾಡಬಾರದು, ಅಗಿಯಬಾರದು. ಆಮ್ಲಕ್ಕೆ ಸಿಕ್ಕಿ ಔಷಧಿ ಕೆಡದಿರಲೆಂದೇ ಮೇಲೊಂದು ಲೇಪ ಕೊಟ್ಟಿರುತ್ತಾರೆ. ಪೂರ್ತಿ ಪರಿಣಾಮ ಕಾಣಲು ಮೂರು ನಾಲ್ಕು ದಿನ ಬೇಕು. ಈಗಿಂದೀಗಲೇ ಉರಿ ತಗ್ಗಬೇಕಾದರೆ ಅದಕ್ಕೆ ಆಂಟಾಸಿಡ್ ಸಿರಪ್ ಬೇರೆಯೇ ಇದೆ. ನೀರಿಗೆ ಹಾಕಿದರೆ ಬುರುಗುವ ಸೋಡಾ ಪುಡಿಯಲ್ಲಿ ಸೋಡಿಯಂ ಜಾಸ್ತಿ, ಬಿ.ಪಿ. ಇರುವವರು ಅದರ ರೂಢಿ ಮಾಡಿಕೊಳ್ಳಬಾರದು.

ಇನ್ನು ಗಡುವು. ಎದೆಯುರಿಗೆ ಸಾಮಾನ್ಯವಾಗಿ 4ರಿಂದ 8 ವಾರ ಸಾಕು. ತಿಂಗಳುಗಟ್ಟಲೆ ನುಂಗಿ ಥಟ್ಟನೆ ಬಿಟ್ಟರೆ, ಅದುಮಿಟ್ಟಿದ್ದ ಆಮ್ಲ ಕೆಲವು ವಾರ ಮೊದಲಿಗಿಂತ ಜೋರಾಗಿ ಉಕ್ಕುತ್ತದೆ. ‘ನನಗೆ ಗುಳಿಗೆ ಬಿಟ್ರೆ ಆಗಲ್ಲ’ ಎನ್ನುವವರಲ್ಲಿ ಬಹಳಷ್ಟು ಮಂದಿ ಸಿಕ್ಕಿಕೊಂಡಿರುವುದು ಇಲ್ಲೇ. ವೈದ್ಯರನ್ನು ಕೇಳಿ ಮೊದಲು ಪ್ರಮಾಣ ಇಳಿಸಿ, ಆಮೇಲೆ ದಿನ ಬಿಟ್ಟು ದಿನ ನುಂಗಿ, ನಂತರ ಬಿಡುವುದು ಸುಲಭ. ವರ್ಷಗಟ್ಟಲೆ ಮುಂದುವರಿಸಿದರೆ ಬಿ-12, ಮೆಗ್ನೀಸಿಯಂ ಕುಸಿಯಬಹುದು. ಹೃದಯಕ್ಕೆಂದು ಆಸ್ಪಿರಿನ್ ನುಂಗುವವರು, ಹುಣ್ಣಾಗಿ ರಕ್ತ ಹೋಗಿದ್ದವರು ಮಾತ್ರ ಗ್ಯಾಸ್ ಗುಳಿಗೆಯನ್ನು ತಾವಾಗಿ ಬಿಡಬಾರದು. ವಾಂತಿ ತಡೆಯುವ ಡೊಂಪೆರಿಡೋನ್ ಬೆರೆತ ಜೋಡಿ ಗುಳಿಗೆ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಹೃದಯದ ಬಡಿತ ಏರುಪೇರಾಗುವ ಅಪಾಯಕ್ಕಾಗಿ ಯುರೋಪಿನ ಔಷಧ ನಿಯಂತ್ರಕರು 2014ರಲ್ಲೇ ಡೊಂಪೆರಿಡೋನನ್ನು ವಾಕರಿಕೆ, ವಾಂತಿಗೆ ಸೀಮಿತಗೊಳಿಸಿ, ಸಾಮಾನ್ಯವಾಗಿ ಒಂದು ವಾರ ಮೀರಬಾರದೆಂದರು. ನಮ್ಮಲ್ಲಿ ಅದು ದಿನದ ಗುಳಿಗೆಯಾಗಿ ಕೂತಿದೆ!

ಹೊಟ್ಟೆ ಕೆಡಿಸುವ ಗುಳಿಗೆಗಳೂ ಇವೆ. ಮೈಕೈ ನೋವಿಗೆ ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಜಠರದಲ್ಲಿ ಹುಣ್ಣು ಮಾಡಬಲ್ಲವು. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಕೆಲವರಿಗೆ ಭೇದಿ ತರುತ್ತದೆ; ಊಟದ ಜೊತೆ ನುಂಗಿದರೆ, ಅಥವಾ ನಿಧಾನವಾಗಿ ಕರಗುವ ಬಗೆಗೆ ಬದಲಿಸಿಕೊಂಡರೆ ಅನೇಕರಿಗೆ ಹತೋಟಿಗೆ ಬರುತ್ತದೆ.

ಎಂಡೋಸ್ಕೋಪಿ ಆಯಿತು, ಸ್ಕ್ಯಾನಿಂಗ್ ಆಯಿತು, ‘ಏನೂ ಇಲ್ಲ’ ಅಂದರು, ಆದರೂ ಹೊಟ್ಟೆ ನುಲಿಯುತ್ತದೆ ಎನ್ನುವವರದು ಬೇರೆ ಕಥೆ. ಮೂರು ತಿಂಗಳಿಂದ ವಾರಕ್ಕೆ ಒಂದು ದಿನವಾದರೂ ಹೊಟ್ಟೆನೋವು ಇದ್ದು, ಆ ನೋವಿಗೂ ಮಲವಿಸರ್ಜನೆಗೂ ನಂಟಿದ್ದು, ಮಲ ಒಮ್ಮೆ ಗಟ್ಟಿ, ಒಮ್ಮೆ ನೀರಾಗುತ್ತಿದ್ದರೆ ವೈದ್ಯರು ಐಬಿಎಸ್ (ಇರಿಟಬಲ್ ಬವೆಲ್ ಸಿಂಡ್ರೋಮ್, ಅಂದರೆ ಕೆರಳುವ ಕರುಳಿನ ತೊಂದರೆ) ಅನ್ನುತ್ತಾರೆ. ಇಲ್ಲಿ ಕರುಳಿನ ನರಗಳು ಅತಿ ಸೂಕ್ಷ್ಮವಾಗಿರುತ್ತವೆ. ಬೇರೆಯವರಿಗೆ ಗೊತ್ತೇ ಆಗದಷ್ಟು ವಾಯು ಇವರಿಗೆ ನೋವಾಗುತ್ತದೆ. ಆಮ್ಲ ತಗ್ಗಿಸುವ ಗುಳಿಗೆಗೆ ಇಲ್ಲಿ ಕೆಲಸವಿಲ್ಲ. ಇಸಬ್‌ಗೋಲ್ ಹಲವರಿಗೆ ಒಗ್ಗುತ್ತದೆ. ದಿನಕ್ಕೆ ಒಂದು ಟೀ ಚಮಚದಿಂದ ಶುರು ಮಾಡಿ, ದೊಡ್ಡ ಲೋಟ ನೀರಿಗೆ ಹಾಕಿ ಕಲಕಿ, ಗಟ್ಟಿಯಾಗುವ ಮೊದಲೇ ಕುಡಿಯಬೇಕು. ನೀರು ಕಡಿಮೆಯಾದರೆ ಅದೇ ಗಂಟಲಲ್ಲೋ ಕರುಳಲ್ಲೋ ಕಟ್ಟಿಕೊಳ್ಳುತ್ತದೆ. ಮೊದಲ ಕೆಲ ದಿನ ಉಬ್ಬರ ಹೆಚ್ಚಿದಂತೆ ಕಂಡರೆ ಗಾಬರಿ ಬೇಡ.

ಊಟದಲ್ಲಿ ನಮ್ಮವರು ಮೊದಲು ಬಯ್ಯುವುದು ಖಾರವನ್ನು. ಖಾರ ನೋವು ಹೆಚ್ಚಿಸುವುದು ನಿಜ, ಆದರೆ ಉಬ್ಬರಕ್ಕೆ ದೊಡ್ಡ ಕಾರಣ ಈರುಳ್ಳಿ, ಬೆಳ್ಳುಳ್ಳಿ. ಇವುಗಳಲ್ಲಿರುವ ಫ್ರಕ್ಟಾನ್ ಎಂಬ ಒಂದು ಬಗೆಯ ಶರ್ಕರವನ್ನು ಯಾರ ಸಣ್ಣ ಕರುಳೂ ಜೀರ್ಣಿಸಲಾರದು. ಅದು ದೊಡ್ಡ ಕರುಳಿಗೆ ಇಳಿದು ಅಲ್ಲಿನ ಬ್ಯಾಕ್ಟೀರಿಯಾಗಳ ಪಾಲಾಗಿ ವಾಯುವಾಗುತ್ತದೆ. ಸಂಜೆಯ ಮಂಡಕ್ಕಿ–ಮಿರ್ಚಿ ತಿಂದು ಹೊಟ್ಟೆ ಬಿಗಿದವರು ಮಂಡಕ್ಕಿಯನ್ನು ಶಪಿಸುತ್ತಾರೆ. ಮಂಡಕ್ಕಿ ಪಾಪದ್ದು, ಬರೀ ಅಕ್ಕಿ. ಕಾಟ ಕೊಡುವುದು ಮೇಲೆ ಉದುರಿಸಿದ ಹಸಿ ಈರುಳ್ಳಿ, ಪಕ್ಕದ ಕಡಲೆಹಿಟ್ಟು, ಕರಿದ ಎಣ್ಣೆ. ಬೆಣ್ಣೆ ದೋಸೆಯಲ್ಲೂ ಅಷ್ಟೇ: ಹುದುಗಿದ ಹಿಟ್ಟು ಅನೇಕರಿಗೆ ಸಲೀಸು, ಆದರೆ ಬೆಣ್ಣೆ ಜಠರ ಖಾಲಿಯಾಗುವುದನ್ನು ತಡಮಾಡಿ ಹುಳಿತೇಗು ತರುತ್ತದೆ.

ಒಂದು ಉಪಾಯ: ಫ್ರಕ್ಟಾನ್ ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ. ಬೆಳ್ಳುಳ್ಳಿ ಎಸಳನ್ನು ಎಣ್ಣೆಯಲ್ಲಿ ಹುರಿದು, ಬೇಳೆ ಸುರಿಯುವ ಮೊದಲೇ ಎತ್ತಿ ಬಿಸಾಕಿದರೆ ಪರಿಮಳ ಉಳಿಯುತ್ತದೆ, ಕಾಟ ಹೋಗುತ್ತದೆ. ಸಾರಿನಲ್ಲಿ ಕುದಿಸಿ ಆಮೇಲೆ ಎತ್ತಿದರೆ ಪ್ರಯೋಜನವಿಲ್ಲ. ಈರುಳ್ಳಿಯ ಬದಲು ಇಂಗು, ಈರುಳ್ಳಿ ಸೊಪ್ಪಿನ ಹಸಿರು ಭಾಗ ನಡೆಯುತ್ತದೆ. ಕಾಳುಗಳನ್ನು ರಾತ್ರಿ ನೆನೆಸಿ, ಆ ನೀರು ಚೆಲ್ಲಿ ಬೇಯಿಸಬೇಕು. ಜೋಳದ ರೊಟ್ಟಿ, ರಾಗಿ ಮುದ್ದೆ, ಅನ್ನ ಸಾಮಾನ್ಯವಾಗಿ ತೊಂದರೆ ಕೊಡವು.

ಅನುಮಾನದ ಪದಾರ್ಥಗಳನ್ನು 2ರಿಂದ 6 ವಾರ ಮಾತ್ರ ಬಿಟ್ಟು ನೋಡಬೇಕು. ಆಮೇಲೆ ಒಂದೊಂದನ್ನೇ, ಮೂರು ದಿನ ಪ್ರಮಾಣ ಹೆಚ್ಚಿಸುತ್ತಾ ತಿಂದು ಬರೆದಿಡಬೇಕು. ಎರಡನ್ನು ಒಟ್ಟಿಗೆ ಶುರು ಮಾಡಿದರೆ ಯಾವುದು ಕಾಡಿತೆಂದು ತಿಳಿಯದು. ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದವರು ರೂಪಿಸಿದ ಕ್ರಮ ಇದು. ಎಲ್ಲವನ್ನೂ ಕಾಯಂ ಬಿಟ್ಟು ಮೊಸರನ್ನಕ್ಕೆ ಅಂಟಿಕೊಂಡು ಸೊರಗುವುದು ಪಥ್ಯವಲ್ಲ. ಹಾಲು ಆಗದವರಿಗೂ ಚೆನ್ನಾಗಿ ಹೆಪ್ಪಾದ ಮೊಸರು ಎಷ್ಟೋ ಸಲ ಆಗುತ್ತದೆ. ಗೋಧಿ ಬಿಡುವ ಮುನ್ನ ಸೀಲಿಯಾಕ್ ಕಾಯಿಲೆಯ (ಗೋಧಿಯ ಗ್ಲುಟೆನ್‌ನಿಂದ ಕರುಳು ಕೆಡುವ ಕಾಯಿಲೆ) ರಕ್ತಪರೀಕ್ಷೆ ಮಾಡಿಸಬೇಕು, ಬಿಟ್ಟ ಮೇಲೆ ಮಾಡಿಸಿದರೆ ಕಾಯಿಲೆ ಇದ್ದರೂ ಇಲ್ಲವೆಂದೇ ಬರಬಹುದು. ಜಠರದಲ್ಲಿ ಹುಣ್ಣು ತರಬಲ್ಲ ಎಚ್. ಪೈಲೊರಿ ಬ್ಯಾಕ್ಟೀರಿಯಾದ ಸೋಂಕಿಗೆ ಮಲ ಅಥವಾ ಉಸಿರಿನ ಪರೀಕ್ಷೆ ಮಾಡಿಸುವಾಗ, ವೈದ್ಯರಿಗೆ ತಿಳಿಸಿ ಗ್ಯಾಸ್ ಗುಳಿಗೆಯನ್ನು ಎರಡು ವಾರ ಮೊದಲೇ ನಿಲ್ಲಿಸಿರಬೇಕು.

ರಾತ್ರಿ ಎದೆಯುರಿಯುವವರು ದಿಂಬು ಪೇರಿಸುವ ಬದಲು ಮಂಚದ ತಲೆದೆಸೆಯ ಕಾಲುಗಳ ಕೆಳಗೆ ಗಟ್ಟಿ ಇಟ್ಟಿಗೆ ಕೊಟ್ಟು ಆರೇಳು ಇಂಚು ಎತ್ತರಿಸಲಿ. ದಿಂಬಿನಿಂದ ಸೊಂಟ ಮಡಚಿ ಹೊಟ್ಟೆ ಒತ್ತುತ್ತದೆ.

ಮಲದಲ್ಲಿ ರಕ್ತ, ಡಾಂಬರಿನಂಥ ಕಪ್ಪು ಮಲ (ಕಬ್ಬಿಣಾಂಶದ ಗುಳಿಗೆಯಿಂದಲೂ ಕಪ್ಪಾಗುತ್ತದೆ), ಕಾರಣವಿಲ್ಲದೆ ತೂಕ ಇಳಿಯುವುದು, ನುಂಗಲು ಕಷ್ಟ, ರಕ್ತಹೀನತೆ, ನಿದ್ದೆಯಿಂದ ಎಬ್ಬಿಸುವ ಭೇದಿ, 50ರ ಆಸುಪಾಸಿನಲ್ಲಿ ಹೊಸದಾಗಿ ಶುರುವಾದ ತೊಂದರೆ: ಇವುಗಳಲ್ಲಿ ಯಾವುದಿದ್ದರೂ ಮನೆಮದ್ದೂ ಬೇಡ, ಶೀಟೂ ಬೇಡ, ನೇರ ಆಸ್ಪತ್ರೆಗೆ ಹೋಗಬೇಕು.

ಔಷಧಿ ಅಂಗಡಿಯವರಲ್ಲಿ ವಿನಂತಿ ಇಷ್ಟೇ. ಚೀಟಿ ಕೇಳಿ, ಕೊಡುವಾಗ ಶೀಟಿನ ಬೆನ್ನ ಮೇಲೆ ಪೆನ್ನಿನಲ್ಲಿ ‘ತಿಂಡಿಗೆ ಅರ್ಧ ಗಂಟೆ ಮುಂಚೆ’ ಎಂದೂ, ಎಷ್ಟು ವಾರ ಎಂದೂ ಬರೆದುಕೊಡಿ. ಹೋಟೆಲಿನವರು ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಇಲ್ಲದ ಒಂದು ಚಟ್ನಿಯನ್ನೂ ಇಡಬಹುದು. ಕೇಳುವ ಗಿರಾಕಿಗಳು ಈ ಊರಲ್ಲಿ ಬೇಕಾದಷ್ಟಿದ್ದಾರೆ.

– ಓದುಗರು, ವಿದ್ಯಾನಗರ, ದಾವಣಗೆರೆ