ಸೈತಾನನಿಗೂ ಅಪ್ಪಣೆ ಬೇಕು

ಕೂಸೇ,

ನಿನ್ನೆ ರಾತ್ರಿ ಫೋನಿನಲ್ಲಿ ನೀನು ಅತ್ತದ್ದು ಕೇಳಿದ ಮೇಲೆ ನನಗೆ ನಿದ್ದೆ ಹತ್ತಲಿಲ್ಲ. ನಿಮ್ಮಪ್ಪ ಗೊರಕೆ ಹೊಡೆಯುತ್ತಿದ್ದರು. ನಾನು ಮಷಿನ್ ಮುಂದೆ ಕೂತು ಯಾರದೋ ಬ್ಲೌಸಿಗೆ ಹುಕ್ಕು ಹಚ್ಚುತ್ತಾ, ನಿನಗೆ ಏನು ಹೇಳಬೇಕಿತ್ತು, ಏನು ಹೇಳಿಬಿಟ್ಟೆ ಅಂತ ಯೋಚಿಸುತ್ತಿದ್ದೆ. ಬರೀ ಸಿಟ್ಟು ಮಾಡಿದೆ. ನಿನ್ನ ಮೇಲಲ್ಲ, ಆ ಪ್ರಾರ್ಥನಾ ಕೂಟದವರ ಮೇಲೆ. ಅದಕ್ಕೇ ಈಗ ಬರೆಯುತ್ತಿದ್ದೇನೆ. ಉದ್ದ ಆಗುತ್ತದೆ. ನೈಟ್ ಡ್ಯೂಟಿ ಮುಗಿಸಿ ಬಂದ ಕೂಡಲೇ ಓದಬೇಡ, ಮೊದಲು ಮಲಗು.

ಎದೆ ಮೇಲೆ ಯಾರೋ ಕೂತ ಹಾಗೆ, ಕೈಕಾಲು ಆಡಲ್ಲ, ಕೂಗಿದರೆ ದನಿ ಬರಲ್ಲ, ಬಾಗಿಲ ಹತ್ತಿರ ಒಂದು ನೆರಳು ಅಂದೆಯಲ್ಲ. ನೀನು ನರ್ಸಿಂಗ್ ಓದುವವಳು, ಟೇಲರಿಂಗ್ ಮಾಡುವ ನಾನು ನಿನಗೆ ಹೇಳುವುದೇ ತಮಾಷೆ. ಕನಸು ಬೀಳುವ ಹೊತ್ತಲ್ಲಿ ಮೈಯ ಸ್ನಾಯುಗಳು ಸಡಿಲವಾಗಿ ನಿಂತಿರುತ್ತವೆ, ಮೈ ಏಳುವ ಮೊದಲೇ ಮನಸ್ಸು ಎದ್ದುಬಿಟ್ಟರೆ ಹೀಗಾಗುತ್ತದೆ. ಸ್ಲೀಪ್ ಪ್ಯಾರಾಲಿಸಿಸ್ ಅಂತ ನೀನೇ ನನಗೆ ಒಮ್ಮೆ ಹೇಳಿದ್ದೆ, ನಮ್ಮ ಕೆಳಗಿನ ಮನೆಯ ಹುಡುಗನಿಗೆ ಆದಾಗ. ನಿದ್ದೆಗೆಟ್ಟವರಿಗೆ, ಶಿಫ್ಟ್ ಬದಲಾಗುತ್ತಾ ಇರುವವರಿಗೆ, ಅಂಗಾತ ಮಲಗುವವರಿಗೆ ಇದು ಜಾಸ್ತಿ. ನಿನಗೆ ಮೂರೂ ಇದೆ. ಬೇರೆಯವರಿಗೆ ಆದರೆ ವಿಜ್ಞಾನ, ನಮಗೇ ಆದಾಗ ದೆವ್ವ, ಅಲ್ವಾ? ಬೈಯುತ್ತಿಲ್ಲ. ಬೆಳಗಿನ ಮೂರು ಗಂಟೆಗೆ ಯಾರ ಓದೂ ಕೈ ಹಿಡಿಯಲ್ಲ.

ಆದರೆ ಇಷ್ಟಕ್ಕೇ ನಿನ್ನ ಭಯ ಹೋಗಲ್ಲ ಅಂತ ಗೊತ್ತು. ಆ ಕೂಟದ ಮನುಷ್ಯ ತಲೆ ಮೇಲೆ ಕೈಯಿಟ್ಟು, ಇದು ಅಜ್ಜಿ ಕಡೆಯಿಂದ ಇಳಿದು ಬಂದ ದುರಾತ್ಮ, ಸೈತಾನ ನಿನ್ನನ್ನು ಗುರುತು ಮಾಡಿಟ್ಟಿದ್ದಾನೆ ಅಂದನಲ್ಲ, ಅದು ಒಳಗೆ ಕೂತಿದೆ. ಹಾಗಾದರೆ ಸೈತಾನನ ವಿಷಯವನ್ನೇ ಮಾತಾಡೋಣ. ಇಷ್ಟು ವರ್ಷ ಸಂಡೇ ಸ್ಕೂಲ್ ಕಲಿಸಿದ್ದೇನೆ, ಆದರೆ ನಿಮಗೆ ನೋಹನ ಹಡಗು, ದಾವೀದನ ಕವಣೆ ಅಂತ ಕಥೆ ಹೇಳಿದೆನೇ ಹೊರತು ಇದನ್ನು ಬಿಡಿಸಿ ಹೇಳಲಿಲ್ಲ. ಅದು ನನ್ನ ತಪ್ಪು.

ಮೊದಲು ಧಾರವಾಡದ ಕಡೆಯ ದೆವ್ವಗಳನ್ನು ಬದಿಗಿಡು. ಅಜ್ಜಿ ಹೇಳುತ್ತಿದ್ದ ಹುಣಸೆ ಮರದ ದೆವ್ವ ಸತ್ತ ಮನುಷ್ಯರದ್ದು, ಆಸೆ ತೀರದೆ ಹೋದವರದ್ದು. ಬೈಬಲಿನ ಸೈತಾನ ಅದಲ್ಲ. ಅವನು ಎಂದೂ ಮನುಷ್ಯನಾಗಿರಲಿಲ್ಲ. ಎರಡಕ್ಕೂ ನಾವು ದೆವ್ವ ಅಂದುಬಿಡುತ್ತೇವೆ, ಅದಕ್ಕೇ ಚರ್ಚಿನಲ್ಲಿ ಒಂದು ಕೇಳಿದರೆ ಮನೆಗೆ ಬರುವಾಗ ಇನ್ನೊಂದು ಹಿಂದೆ ಬರುತ್ತದೆ.

ಸೈತಾನ ಅನ್ನುವುದು ಶುರುವಿನಲ್ಲಿ ಹೆಸರೂ ಅಲ್ಲ. ಹೀಬ್ರೂ ಭಾಷೆಯಲ್ಲಿ ಎದುರಾಳಿ ಅಂತ ಅರ್ಥ, ತಪ್ಪು ಹೊರಿಸುವವನು ಅಂತಲೂ. ಬಿಳಾಮನ ಕತ್ತೆಯ ಕಥೆ ನೆನಪಿದೆಯಲ್ಲ, ಅರಣ್ಯಕಾಂಡದಲ್ಲಿ? ಅಲ್ಲಿ ದಾರಿಗೆ ಅಡ್ಡ ನಿಂತ ದೇವದೂತನಿಗೇ ಮೂಲದಲ್ಲಿ ಇದೇ ಪದ ಇದೆ. ಆದಿಕಾಂಡದ ಹಾವನ್ನು ಆದಿಕಾಂಡ ಎಲ್ಲೂ ಸೈತಾನ ಅನ್ನಲ್ಲ. ಆ ಪುರಾತನ ಸರ್ಪ ಇವನೇ ಅಂತ ಹೇಳುವುದು ಕೊನೆಯ ಪುಸ್ತಕ, ಪ್ರಕಟನೆ. ಲೂಸಿಫರ್ ಅನ್ನುವುದಂತೂ ಲ್ಯಾಟಿನ್ ಪದ, ಬೆಳ್ಳಿ ಚುಕ್ಕಿ ಅಂತ. ಯೆಶಾಯ 14ರಲ್ಲಿ ಅದು ಬಾಬೆಲಿನ ರಾಜನನ್ನು ಹಂಗಿಸಿ ಕರೆದ ಮಾತು. ಹಿಂದಿನವರು ಅದರಲ್ಲಿ ಬಿದ್ದ ದೂತನನ್ನು ಕಂಡರು, ಹೆಸರು ಅಂಟಿತು. ಪ್ರಕಟನೆಯ ಕೊನೆಯಲ್ಲಿ ಯೇಸು ತನ್ನನ್ನೇ ಉದಯ ನಕ್ಷತ್ರ ಅನ್ನುತ್ತಾನೆ, ನೋಡು.

ಹಾಗಾದರೆ ಇವನು ಬಂದದ್ದು ಎಲ್ಲಿಂದ? ಕ್ರೈಸ್ತರು ಈ ಪ್ರಶ್ನೆಗೆ ಬಹಳ ಹೊಡೆದಾಡಿದ್ದಾರೆ. ಪರ್ಷಿಯಾದ ಕಡೆ 3ನೇ ಶತಮಾನದಲ್ಲಿ ಮಾನಿ ಅಂತ ಒಬ್ಬ ಬಂದ. ಅವನ ಪ್ರಕಾರ ಬೆಳಕು ಕತ್ತಲೆ ಎರಡೂ ಮೊದಲಿನಿಂದ ಇವೆ, ಎರಡು ರಾಜ್ಯ, ಎರಡು ಶಕ್ತಿ. ಕೇಳಲು ಸುಲಭ. ಒಳ್ಳೆಯದು ಇವನದ್ದು, ಕೆಟ್ಟದ್ದು ಅವನದ್ದು, ಲೆಕ್ಕ ಮುಗಿಯಿತು. ಈಗಿನ ಅಲ್ಜೀರಿಯಾದ ಕಡೆಯ ಆಗಸ್ಟೀನ್ ಎಂಬ ಬುದ್ಧಿವಂತ ಹುಡುಗ ಸುಮಾರು 9 ವರ್ಷ ಮಾನಿಯ ಪಂಥದವರ ಹಿಂದೆಯೇ ಇದ್ದ. ಆಮೇಲೆ ಬಿಟ್ಟ, 387ರಲ್ಲಿ ದೀಕ್ಷಾಸ್ನಾನ ತಗೊಂಡ. ಬಿಟ್ಟು ಬಂದವನು ಹೇಳಿದ್ದು, ಕೆಟ್ಟದ್ದು ಅನ್ನುವುದು ಒಂದು ವಸ್ತುವೇ ಅಲ್ಲ, ಇರಬೇಕಾದ ಒಳ್ಳೆಯದು ಇಲ್ಲದಿರುವುದು ಅಂತ.

ನಮಗೆ ಪಾಠ ಮಾಡಿದ ಚರ್ಚಿನ ಅಯ್ಯನವರು ಇದನ್ನು ಹೇಳಿದಾಗ ನನಗೆ ಸುಮ್ನೆ ಮಾತಿನ ಆಟ ಅನ್ನಿಸಿತ್ತು. ಮೊನ್ನೆ ಒಬ್ಬರು ರೇಷ್ಮೆ ಸೀರೆ ತಂದರು, ಸೆರಗಿನಲ್ಲಿ ಹುಳ ತಿಂದು ಬೆರಳು ಹೋಗುವಷ್ಟು ತೂತು. ನನ್ನ ಕೈಯಲ್ಲಿ ಆಗಲ್ಲ, ರಫೂ ಮಾಡುವವರಿಗೆ ಕೊಡಿ ಅಂದೆ. ಅವರು ಹೋದ ಮೇಲೆ ಹೊಳೆಯಿತು. ಆ ತೂತು ಯಾವ ನೂಲಿನಿಂದ ಆಗಿದೆ? ಯಾವ ನೂಲಿನಿಂದಲೂ ಅಲ್ಲ. ಹಾಸು ಹೊಕ್ಕು ಇರಬೇಕಾದ ಕಡೆ ಇಲ್ಲ, ಅಷ್ಟೇ. ತೂತನ್ನು ಯಾವ ನೇಕಾರನೂ ನೇಯಲ್ಲ. ತೂತಿಲ್ಲದೆ ಸೀರೆ ಇರುತ್ತದೆ, ಸೀರೆ ಇಲ್ಲದೆ ಬರೀ ತೂತು ಇರಲು ಆಗಲ್ಲ. ಹಾಗಂತ ತೂತು ಸುಳ್ಳಾ? ಅಷ್ಟು ದುಬಾರಿ ಸೀರೆಯನ್ನು ಮದುವೆಗೆ ಉಡದ ಹಾಗೆ ಮಾಡಿತಲ್ಲ! ಆಗಸ್ಟೀನ್ ಕೊಟ್ಟ ಉದಾಹರಣೆ ನಿನಗೆ ಹತ್ತಿರದ್ದು, ಗಾಯದ್ದು. ಗಾಯ ವಾಸಿಯಾದರೆ ಅದು ಎದ್ದು ಇನ್ನೆಲ್ಲಿಗೋ ಹೋಗಲ್ಲ, ಇಲ್ಲವಾಗುತ್ತದೆ.

ಇಲ್ಲಿ ಒಂದು ಎಚ್ಚರ ಬೇಕು. ಸೈತಾನನೇ ತೂತು ಅಂತಲ್ಲ. ಅವನು ತೂತು ಬಿದ್ದ ಬಟ್ಟೆ. ಬುದ್ಧಿ, ಬಲ, ಇರುವಿಕೆ ಎಲ್ಲಾ ದೇವರು ಕೊಟ್ಟ ಒಳ್ಳೆಯ ನೂಲೇ, ಅವನು ತಿರುಗಿಬಿದ್ದದ್ದು ಮಾತ್ರ ಅವನದ್ದು. 1215ರಲ್ಲಿ ರೋಮಿನ ಲ್ಯಾಟರನ್‌ನಲ್ಲಿ ಕೂಡಿದ ಕ್ಯಾಥೋಲಿಕ್ ಧರ್ಮಗುರುಗಳ ಸಭೆ ಇದನ್ನೇ ಬರೆದಿಟ್ಟಿತು: ಸೈತಾನನನ್ನೂ ಉಳಿದ ದೆವ್ವಗಳನ್ನೂ ದೇವರು ಸ್ವಭಾವದಿಂದ ಒಳ್ಳೆಯವರಾಗಿಯೇ ಮಾಡಿದ, ಅವರು ತಾವೇ ಕೆಟ್ಟರು ಅಂತ. ಆಗ ದಕ್ಷಿಣ ಫ್ರಾನ್ಸಿನಲ್ಲಿ ಕಥಾರರು ಎಂಬವರು ಈ ಲೋಕ, ಈ ಮೈ ಎಲ್ಲಾ ಕೆಟ್ಟ ಶಕ್ತಿಯ ಸೃಷ್ಟಿ ಅನ್ನುತ್ತಿದ್ದರು, ಅವರಿಗೆ ಉತ್ತರವಾಗಿ. ನಾವು ಬಾಸೆಲ್ ಮಿಷನ್ ಕಡೆಯ ಪ್ರಾಟೆಸ್ಟಂಟರು, ರೋಮಿನ ಸಭೆ ನಮಗ್ಯಾಕೆ ಅಂತ ನಿಮ್ಮಪ್ಪ ಕೇಳುತ್ತಾರೆ. ಈ ವಿಷಯದಲ್ಲಿ ಅವರಿಗೂ ನಮಗೂ ಜಗಳ ಇಲ್ಲ ಕೂಸೇ, ಬೇರೆ ಬೇಕಾದಷ್ಟು ವಿಷಯದಲ್ಲಿದೆ.

ಬಾಂದ್ರಾ ಕಡೆ ಬಟ್ಟೆ ಕೊಡಲು ಹೋಗುವಾಗ ಬುಧವಾರವಾದರೆ ನಮ್ಮ ಬಸ್ ಮಾಹಿಮ್‌ನಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ, ನೊವೇನಾ ಪ್ರಾರ್ಥನೆಗೆ ಬಂದ ಜನ. ಚಿಕ್ಕವಳಿದ್ದಾಗ ನೀನು ಕಿಟಕಿಯಿಂದ ಮೇಣದಬತ್ತಿ ಎಣಿಸುತ್ತಿದ್ದೆ. ಆ ಚರ್ಚ್ ಯಾರ ಹೆಸರಿನದು? ಸೇಂಟ್ ಮೈಕಲ್, ನಮ್ಮ ಬೈಬಲಿನ ಮೀಕಾಯೇಲ. ಪ್ರಕಟನೆ 12ರಲ್ಲಿ ಘಟಸರ್ಪದ, ಅಂದರೆ ಸೈತಾನನ ಜೊತೆ ಯುದ್ಧ ಮಾಡುವವನು ಅವನೇ. ದೇವರಲ್ಲ, ಒಬ್ಬ ದೂತ! ಸೈತಾನನಿಗೆ ಸರಿಜೋಡಿ ಅಂತ ಇದ್ದರೆ ಅದು ಮೀಕಾಯೇಲ, ದೇವರು ಅಲ್ಲವೇ ಅಲ್ಲ. ಆ ಹೆಸರಿನ ಅರ್ಥವೂ ಅದೇ, ದೇವರ ಹಾಗೆ ಯಾರಿದ್ದಾರೆ ಅಂತ ಕೇಳುವ ಪ್ರಶ್ನೆ. ನಿನ್ನ ಆ ಕೂಟದಲ್ಲಿ ಮೈಕ್ ಹಿಡಿದು ಸೈತಾನನನ್ನು ಗಂಟೆಗಟ್ಟಲೆ ಬೈದರಂತಲ್ಲ, ಯೂದನ ಪತ್ರ ಓದಿದರೆ ಮೀಕಾಯೇಲನೇ ಬೈಯಲಿಲ್ಲ. ಕರ್ತನು ನಿನ್ನನ್ನು ಗದರಿಸಲಿ ಅಂದು ಸುಮ್ಮನಾದ.

ಈಗ ಸೈತಾನನ ಮಿತಿಯ ಮಾತು. ಯೋಬನ ಪುಸ್ತಕ ತೆಗೆ, ಕಷ್ಟಕ್ಕೆ ಸಿಕ್ಕ ಆ ನೀತಿವಂತನ ಕಥೆ, ಮೊದಲೆರಡು ಅಧ್ಯಾಯ ಸಾಕು. ಎಲ್ಲಿಂದ ಬಂದೆ ಅಂತ ದೇವರು ಕೇಳಿದರೆ, ಭೂಮಿಯ ಮೇಲೆ ತಿರುಗಾಡಿಕೊಂಡು ಬಂದೆ ಅನ್ನುತ್ತಾನೆ. ಪೇತ್ರನೂ ಅವನು ಗರ್ಜಿಸುವ ಸಿಂಹದ ಹಾಗೆ ತಿರುಗುತ್ತಾನೆ ಅಂತಲೇ ಬರೆದದ್ದು. ತಿರುಗಬೇಕಾದವನು ಎಲ್ಲಾ ಕಡೆ ಇರುವವನಲ್ಲ. ಪುಣೆಯ ಹಾಸ್ಟೆಲಿನ ಎರಡನೇ ಮಹಡಿಯಲ್ಲಿ ನಿನಗೋಸ್ಕರ ದಿನಾ ಮೂರು ಗಂಟೆಗೆ ಡ್ಯೂಟಿ ಹಾಕಿಕೊಂಡಿದ್ದಾನೆ ಅನ್ನುವುದು ಅವನಿಗೆ ಕೊಡಬಾರದ ಮರ್ಯಾದೆ. ಆಮೇಲೆ ನೋಡು, ಯೋಬನ ಆಸ್ತಿ ಮುಟ್ಟಲು ಅಪ್ಪಣೆ ಬೇಕು, ಆದರೆ ಮೈ ಮುಟ್ಟಬೇಡ ಅಂತ ಗೆರೆ. ಎರಡನೇ ಸಲ ಮೈ ಮುಟ್ಟಬಹುದು, ಪ್ರಾಣ ಮುಟ್ಟಬೇಡ ಅಂತ ಇನ್ನೊಂದು ಗೆರೆ. ಎರಡೂ ಗೆರೆ ಅವನು ದಾಟಲಿಲ್ಲ. ಲೂಕ 22ರಲ್ಲಿ ಶಿಷ್ಯರನ್ನು ಗೋಧಿಯ ಹಾಗೆ ಕೇರಬೇಕು ಅಂತ ಕೇಳಿಕೊಂಡಿದ್ದಾನೆ. ಯೇಸು ಸೀಮೋನನಿಗೆ, ಅಂದರೆ ಈ ಪೇತ್ರನಿಗೇ, ಹೇಳಿದ್ದೇನು? ನಿನಗಾಗಿ ಬೇಡಿಕೊಂಡಿದ್ದೇನೆ ಅಂತ. ಮಾರ್ಕ 5ರಲ್ಲಿ ಆ ದೆವ್ವಗಳ ದಂಡು ಹಂದಿಗಳೊಳಗೆ ಹೋಗಲೂ ಅಪ್ಪಣೆ ಕೇಳುತ್ತದೆ. ಈಜಿಪ್ಟಿನ ಮರುಭೂಮಿಯಲ್ಲಿದ್ದ ಅಂತೋನಿ ಎಂಬ ಸನ್ಯಾಸಿ ಇದನ್ನು ಹಿಡಿದೇ ಭಯಪಟ್ಟವರಿಗೆ ಹೇಳುತ್ತಿದ್ದನಂತೆ, ಹಂದಿಯ ಮೇಲೂ ಅಧಿಕಾರ ಇಲ್ಲದವಕ್ಕೆ ದೇವರ ರೂಪದಲ್ಲಿ ಮಾಡಿದ ಮನುಷ್ಯನ ಮೇಲೆ ಎಲ್ಲಿಯ ಅಧಿಕಾರ ಅಂತ. ನನಗೆ ಈ ಅಜ್ಜ ಬಹಳ ಇಷ್ಟ.

ನೀನು ಬಿಡುವವಳಲ್ಲ, ಹಾಗಾದರೆ ದೇವರು ಅಪ್ಪಣೆ ಕೊಡುವುದಾದರೂ ಯಾಕೆ ಅಂತ ಕೇಳುತ್ತೀಯ. ಒಳ್ಳೆಯವನಾಗಿ ಹುಟ್ಟಿದ ದೂತ ಕೆಡುವುದಾದರೂ ಹೇಗೆ? ಅಹಂಕಾರ ಅಂತಾರೆ, ಆದರೆ ಆ ಅಹಂಕಾರ ಎಲ್ಲಿಂದ ಬಂತು? ಆಗಸ್ಟೀನನೇ ಇಲ್ಲಿ ಕೈಚೆಲ್ಲಿದ. ಅದಕ್ಕೆ ಕಾರಣ ಹುಡುಕುವುದು ಕತ್ತಲನ್ನು ನೋಡಲು, ಮೌನವನ್ನು ಕೇಳಲು ಹೊರಟ ಹಾಗೆ ಅಂದ. ಯೋಬನಿಗೂ ದೇವರು ಕಾರಣ ಹೇಳಲಿಲ್ಲ, ಆಕಾಶ ಭೂಮಿ ಕಾಡುಕತ್ತೆ ಅಂತ ಬೇರೇನೋ ಮಾತಾಡಿದ. ನಿನ್ನ ತಮ್ಮ ಎಂಟು ತಿಂಗಳಿಗೇ ಹೋದಾಗ ನಾನು ಆ ಅಧ್ಯಾಯಗಳನ್ನು ಓದಿ ಪುಸ್ತಕ ಮುಚ್ಚಿಟ್ಟಿದ್ದೆ. ಒಂದು ವರ್ಷ ತೆರೆಯಲಿಲ್ಲ. ಆಗಲೂ ಯಾರೋ ಬಂದು ಮನೆಯಲ್ಲಿ ಏನೋ ಇದೆ ಅಂದಿದ್ದರು. ಅಜ್ಜಿ ಅವರನ್ನು ಚಹಾ ಕೂಡ ಕೊಡದೆ ಕಳಿಸಿದಳು, ನಿನಗೆ ಗೊತ್ತಿಲ್ಲ ಇದು.

ಆ ಅಜ್ಜಿಯ ಹೆಸರಿಗೇ ಶಾಪ ಕಟ್ಟಿದ್ದಾರಲ್ಲ! ಮದುವೆಗೆ ಮುಂಚೆ ಎಲ್ಲಮ್ಮನ ಜಾತ್ರೆಗೆ ಹೋಗುತ್ತಿದ್ದಳು, ಹೌದು. ಅದಕ್ಕೆ ಮೊಮ್ಮಗಳ ಎದೆ ಮೇಲೆ ಯಾರೋ ಕೂರುತ್ತಾರಾ? ಯೆಹೆಜ್ಕೇಲ 18 ಓದು, ತಂದೆಯ ಪಾಪದ ಹೊರೆ ಮಗ ಹೊರುವುದಿಲ್ಲ ಅಂತ ಅಷ್ಟು ಉದ್ದಕ್ಕೆ ಬಿಡಿಸಿ ಬರೆದಿದೆ. ಲೂಕ 13ರಲ್ಲಿ ಸಿಲೊವಾಮಿನ ಗೋಪುರ ಬಿದ್ದು 18 ಜನ ಸತ್ತ ಮಾತು ಬರುತ್ತದೆ. ನಮ್ಮ ಮುಂಬಯಿಯಲ್ಲಿ ಮಳೆಗಾಲದಲ್ಲಿ ಹಳೇ ಕಟ್ಟಡ ಕುಸಿದ ಹಾಗೇ. ಅವರು ಉಳಿದವರಿಗಿಂತ ಪಾಪಿಗಳಾ ಅಂತ ಯೇಸು ಕೇಳಿ, ಅಲ್ಲ ಅಂತ ತಾನೇ ಹೇಳುತ್ತಾನೆ. ನೀವೆಲ್ಲ ಪಶ್ಚಾತ್ತಾಪಪಟ್ಟು ದೇವರ ಕಡೆ ತಿರುಗಿಕೊಳ್ಳಿ ಅಂತಲೂ ಹೇಳುತ್ತಾನೆ, ಅದನ್ನೂ ಮರೆಯಬಾರದು.

ಇದೆಲ್ಲ ಓದಿ ಸೈತಾನ ಬರೀ ಕಥೆ ಅಂದುಕೊಳ್ಳಬೇಡ. ಅವನಿದ್ದಾನೆ ಅಂತ ನಂಬುತ್ತೇನೆ, ಯೇಸು ಅವನನ್ನು ತಮಾಷೆ ಮಾಡಲಿಲ್ಲ. ಆದರೆ ಗ್ರೀಕಿನಲ್ಲಿ ಅವನಿಗೆ ಡಿಯಾಬೊಲೊಸ್ ಅಂತಾರೆ, ಚಾಡಿಕೋರ. ಅವನ ಕೆಲಸ ನಡೆಯುವುದೇ ಮಾತಿನಲ್ಲಿ, ನೀನು ಕೆಟ್ಟವಳು, ನಿನ್ನ ಮನೆತನ ಕೆಟ್ಟದ್ದು, ದೇವರಿಗೆ ನೀನು ಬೇಡ ಅಂತ ಕಿವಿಯಲ್ಲಿ ಊದುವುದರಲ್ಲಿ. ಆ ಕೂಟದಲ್ಲಿ ನಿನ್ನ ಕಿವಿಗೆ ಬಿದ್ದದ್ದು ಯಾವ ಮಾತು, ನೀನೇ ನೋಡಿಕೋ. ಎಲ್ಲಾ ತಪ್ಪನ್ನೂ ಅವನ ತಲೆಗೆ ಕಟ್ಟುವ ಹಾಗೂ ಇಲ್ಲ, ಮನುಷ್ಯನನ್ನು ಎಳೆಯುವುದು ಅವನವನ ಆಸೆಯೇ ಅಂತ ಯಾಕೋಬ ಬರೆದಿದ್ದಾನೆ. ಅವನೇ ಮುಂದೆ, ಸೈತಾನನನ್ನು ಎದುರಿಸಿ, ಓಡಿಹೋಗುತ್ತಾನೆ ಅಂತಲೂ ಹೇಳುತ್ತಾನೆ. ಅದಕ್ಕೆ ಆ ಕೂಟದವರ ಎಣ್ಣೆ ಬಾಟಲಿ ಕೊಳ್ಳಬೇಕು ಅಂತ ಎಲ್ಲೂ ಇಲ್ಲ. ನೀನು ಕೊಟ್ಟ ಮುನ್ನೂರು ರೂಪಾಯಿ ಹೋಯಿತು ಬಿಡು.

ಲೈಟ್ ಹಾಕಿಕೊಂಡೇ ಮಲಗು, ಅದೇನು ಅಪನಂಬಿಕೆ ಅಲ್ಲ. ರೂಮ್‌ಮೇಟ್‌ಗೆ ತೊಂದರೆಯಾದರೆ ಪ್ಲಗ್ಗಿಗೆ ಹಚ್ಚುವ ಸಣ್ಣ ದೀಪ ದಾದರ್‌ನಲ್ಲಿ ನೋಡಿದ್ದೇನೆ, ತರುತ್ತೇನೆ. ಪಕ್ಕಕ್ಕೆ ಹೊರಳಿ ಮಲಗು, ಸಂಜೆ ಮೇಲೆ ಚಹಾ ಬೇಡ, ನೈಟ್ ಡ್ಯೂಟಿ ಸಾಲಾಗಿ ಹಾಕುತ್ತಿದ್ದರೆ ಹೆದರದೆ ಕೇಳು, ಇನ್ನೂ ಹಾಗೇ ಆದರೆ ಡಾಕ್ಟರಿಗೆ ತೋರಿಸು. ಆ ಹುಡುಗಿಯ ಜೊತೆ ಜಗಳ ಮಾಡಬೇಡ, ಪಾಪ, ಒಳ್ಳೆಯದಾಗಲಿ ಅಂತಲೇ ನಿನ್ನನ್ನು ಆ ಕೂಟಕ್ಕೆ ಕರೆದುಕೊಂಡು ಹೋದವಳು. ಶನಿವಾರ ಇಂದ್ರಾಯಣಿ ರೈಲಿಗೆ ಬರುವೆಯಾದರೆ ಅವಳನ್ನೂ ಕರೆದುಕೊಂಡು ಬಾ. ಜೋಳದ ಹಿಟ್ಟು ಬಂದಿದೆ ಊರಿನಿಂದ, ಎಣ್ಣೆಗಾಯಿ ಮಾಡುತ್ತೇನೆ. ಅಜ್ಜಿಗೆ ಈ ವಿಷಯ ಹೇಳಿಲ್ಲ, ಹೇಳಿದರೆ ಪುಣೆಗೇ ಹೊರಡುತ್ತಾಳೆ, ಕೋಲು ಹಿಡಿದು.

ನಿನ್ನ
ಅವ್ವ